ವೈಟ್‌ಫೀಲ್ಡ್‌ನ ಹೆಸರಿಗೊಂದು ಸಂಜೆ: ನನ್ನ ಅನುಭವ

ವೈಟ್‌ಫೀಲ್ಡ್ ಎಂದರೇನೆಂದು ಮಗಳು ಕೇಳಿದಾಗ ‘ಬಿಳಿ ಹೊಲ’ ಎಂದು ಹೇಳಿ ಶಾಲೆಗೆ ಕಳಿಸಿದ್ದವನು ನಾನು. ಅದು ಡಿ.ಎಸ್. ವೈಟ್ ಎಂಬವರ ಹೆಸರಿನಿಂದ ಬಂದದ್ದೆಂದು ತಿಳಿದ ಮೇಲೆ ಆದ ಮುಜುಗರವೇ ಮುಂದೆ ಆರು ಮನೆಯವರು ಸೇರಿ ಊರಿನ ಹಳೆಯ ಕತೆ ಹೇಳಲು ನಡೆಸಿದ ಉಚಿತ ಕಾರ್ಯಕ್ರಮಕ್ಕೆ ಕಾರಣವಾಯಿತು.

1882ರಲ್ಲಿ ಮೈಸೂರಿನ ಮಹಾರಾಜರಾಗಿದ್ದ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಜಮೀನನ್ನು ನೀಡಿದರು. ಯುರೋಪಿಯನ್ ಮತ್ತು ಭಾರತೀಯ ಮಿಶ್ರ ಮೂಲದ ಆ ಸಮುದಾಯದವರು ಬೇಸಾಯ ಮಾಡಿಕೊಂಡು ನೆಲೆಸಲೆಂದು ಕಟ್ಟಿದ ಊರಿಗೆ ಸಂಘದ ಸ್ಥಾಪಕರಾದ ವೈಟ್ ಅವರ ಹೆಸರನ್ನಿಟ್ಟರು. ಹಳೆಯ ವೈಟ್‌ಫೀಲ್ಡ್‌ನ ನಡುಭಾಗವಾದ ಇನ್ನರ್ ಸರ್ಕಲ್ಲಿನ ದುಂಡನೆಯ ರಸ್ತೆ ಆ ಕಾಲದ ವಿನ್ಯಾಸದ್ದೇ ಆದ್ದರಿಂದ, ಅಲ್ಲಿಯ ಹಳೆಯ ಮನೆಯೊಂದರ ಅಂಗಳವನ್ನೇ ಕೇಳಿ ಪಡೆದೆವು.

ಟಿಕೆಟ್ಟೂ ಬೇಡ, ಪ್ರಾಯೋಜಕರ ಬ್ಯಾನರೂ ಬೇಡ ಎಂಬುದು ನಮ್ಮ ಹಟ. ಖರ್ಚನ್ನು ಆರು ಪಾಲು ಮಾಡಿಕೊಂಡು, ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯಿಂದ ಅನುಮತಿ ಪಡೆದು, ಹಳೆಯ ಕುಟುಂಬಗಳಿಂದ ತಲಾ ಒಂದು ಫೋಟೊ ಕೇಳಿದೆವು. ಮೂಲ ಪ್ರತಿಗಳು ಮನೆ ದಾಟಿ ಬರದಿರಲೆಂದು ಅವರವರ ಮೇಜಿನ ಮೇಲೆಯೇ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿಕೊಂಡೆವು. ಹಿರಿಯ ಮಹಿಳೆಯೊಬ್ಬರು ಬಿಸ್ಕತ್ತಿನ ಡಬ್ಬಿಯಿಂದ ತೆಗೆದುಕೊಟ್ಟ, ಬೆಲ್ಲದ ಬಣ್ಣಕ್ಕೆ ತಿರುಗಿದ್ದ ಫೋಟೊದಲ್ಲಿ ಹೆಂಚಿನ ಮನೆಯ ಮುಂದೆ ಮೊಳಕಾಲೆತ್ತರದ ಮಾವಿನ ಸಸಿಯೊಂದಿತ್ತು. ಆ ಮರ ಈಗಲೂ ಇದೆಯೆಂದು ಕಿಟಕಿಯಾಚೆ ಕೈ ತೋರಿಸಿದರು.

ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್ ಇಲ್ಲಿಯ ಹೋಟೆಲ್ ಮಾಲೀಕರೊಬ್ಬರ ಮಗಳನ್ನು ಮೆಚ್ಚಿದ್ದನೆಂಬ ದಂತಕಥೆಯನ್ನು ಫಲಕದಲ್ಲಿ ಹಾಕಬೇಕೆಂದು ಹಲವರು ಒತ್ತಾಯಿಸಿದರು. ರಂಜನೆಗೇನೋ ಒಳ್ಳೆಯದೇ; ಆದರೆ ದಾಖಲೆಯಿಲ್ಲದ್ದನ್ನು ಅಚ್ಚು ಹಾಕಿಸುವುದು ಬೇಡವೆಂದು ನಾನು ಒಪ್ಪಲಿಲ್ಲ.

ನಾವು ಎಡವಿದ್ದು ಊಟದಲ್ಲಿ. ಉಚಿತವೆಂದರೆ ಬರುವವರು ಮುಂಚೆ ತಿಳಿಸುವುದಿಲ್ಲವೆಂಬ ಸರಳ ಸತ್ಯ ನಮಗೆ ಹೊಳೆದಿರಲಿಲ್ಲ. ಇನ್ನೂರು ಜನಕ್ಕೆಂದು ಮಾಡಿಸಿದ ಚಿತ್ರಾನ್ನ ಆರೂವರೆಗೇ ಮುಗಿದುಹೋಯಿತು; ಬೇಕರಿಗೆ ಓಡಿ ತಂದ ಬನ್ನು ಮತ್ತು ನೀರು ಬೆರೆಸಿ ಹೆಚ್ಚಿಸಿದ ಮಜ್ಜಿಗೆ ಮರ್ಯಾದೆ ಉಳಿಸಿದವು. ಮುಂದಿನ ಸಲ ಹಣ ಪಡೆಯದೆ, ಎಣಿಕೆಗಾಗಿ ಮಾತ್ರ ಹಿಂದಿನ ದಿನವೇ ಚೀಟಿ ಹಂಚುವುದೆಂದು ಅಂದೇ ತೀರ್ಮಾನಿಸಿದೆವು.

ಅದಕ್ಕಿಂತ ದೊಡ್ಡ ಲೋಪವನ್ನು ಪಕ್ಕದ ಇಮ್ಮಡಿಹಳ್ಳಿಯಿಂದ ಬಂದಿದ್ದ ಹಿರಿಯರೊಬ್ಬರು ತೋರಿಸಿಕೊಟ್ಟರು. “ಬರೀ ಅವರ ಕತೆ ಹೇಳ್ತಾ ಇದೀರಲ್ಲ ಸ್ವಾಮಿ, ಈ ನೆಲಕ್ಕೆ ಅದಕ್ಕೂ ಮುಂಚೆ ಹೆಸರು ಇರಲಿಲ್ವೇ?” ಎಂದರು. ನಾನು ಮೈಕನ್ನು ಅವರ ಕೈಗೆ ಕೊಟ್ಟೆ. ಅವರು ಮಾತನಾಡುವುದರ ಬದಲು ಗೋಡೆಯ ಮೇಲಿದ್ದ ನಕ್ಷೆಯ ಬಳಿಗೆ ಹೋಗಿ, ಮಕ್ಕಳ ಸ್ಕೆಚ್ ಪೆನ್ನು ತೆಗೆದುಕೊಂಡು, ತಮ್ಮ ತಂದೆಯ ಕಾಲದ ಹೊಲಗಳ ಹೆಸರುಗಳನ್ನು ಒಂದೊಂದಾಗಿ ಬರೆಯತೊಡಗಿದರು. ನಮ್ಮ ಅಪಾರ್ಟ್‌ಮೆಂಟ್ ಇರುವ ಜಾಗದ ಮೇಲೆ ‘ಹುಣಸೇಮರದ ಹೊಲ’ ಎಂದು ಬರೆದರು. ಮಗಳು ಅದನ್ನು ಗಟ್ಟಿಯಾಗಿ ಓದಿ ನನ್ನತ್ತ ನೋಡಿದಳು.