ಊರಿಂದ ಅಪ್ಪ ಅಮ್ಮ ಬಂದಾಗ ನ್ಯೂಯಾರ್ಕಿನಲ್ಲಿ ಒಂದು ಆರಾಮದ ದಿನ

ಟೈಮ್ಸ್ ಸ್ಕ್ವೇರ್ ನೂಕುನುಗ್ಗಲು ಬೇಡ ಅನ್ನುವವರಿಗೆ ಒಂದು ಸಲಹೆ. ಬೆಳಿಗ್ಗೆ ಮ್ಯಾನ್‌ಹಟನ್‌ನ ಈಸ್ಟ್ ಹ್ಯೂಸ್ಟನ್ ರಸ್ತೆಗೆ ಹೋಗಿ. ಹಳೆಯ ಯಹೂದಿ ತಿಂಡಿ ಅಂಗಡಿಗಳು ಒಂದೇ ರಸ್ತೆಯಲ್ಲಿ ಸಿಗುತ್ತವೆ.

ಮೊದಲು 1910ರ ಯೋನಾ ಶಿಮ್ಮೆಲ್ ಅಂಗಡಿ. ಇಲ್ಲಿನ ಆಲೂಗಡ್ಡೆ ಕ್ನಿಶ್ ಅಂದರೆ ಖಾರವಿಲ್ಲದ ಆಲೂ ಪಲ್ಯವನ್ನು ತೆಳು ಹಿಟ್ಟಿನಲ್ಲಿ ಸುತ್ತಿ ಬೇಯಿಸಿದ ಹಾಗೆ. ಬಿಸಿಯಾಗಿಯೇ ತಿನ್ನಬೇಕು. ಮನೆಯಿಂದ ಚಟ್ನಿಪುಡಿ ಒಯ್ದರೆ ತಪ್ಪೇನಿಲ್ಲ! ಮೊಟ್ಟೆ ತಿನ್ನದವರು ಕೇಳಿಕೊಂಡು ತಗೊಳ್ಳಿ.

ಸ್ವಲ್ಪ ಮುಂದೆ 1888ರ ಕಾಟ್ಜ್ಸ್ ಡೆಲಿ. ಅಲ್ಲಿನ ಹೆಸರಾದ ಪಾಸ್ಟ್ರಾಮಿ ದನದ ಮಾಂಸ, ಇದನ್ನು ಹಿರಿಯರಿಗೆ ಮೊದಲೇ ಹೇಳಿಬಿಡಿ. ತಿನ್ನುವವರು ಒಂದು ಸ್ಯಾಂಡ್‌ವಿಚ್ ಇಬ್ಬರು ಹಂಚಿಕೊಳ್ಳಿ, ಅಷ್ಟು ದೊಡ್ಡದು. ಬಾಗಿಲಲ್ಲಿ ಪ್ರತಿಯೊಬ್ಬರಿಗೂ, ತಗೊಂಡ ತಿಂಡಿಯ ಲೆಕ್ಕ ಬರೆಯೋಕೆ ಒಂದು ಚೀಟಿ ಕೊಡುತ್ತಾರೆ. ಏನೂ ತಿನ್ನದಿದ್ದರೂ ಹೊರಡುವಾಗ ಅದನ್ನು ವಾಪಸ್ ಕೊಡಬೇಕು, ಕಳೆದರೆ ದಂಡ. ಮಕ್ಕಳ ಕೈಗಂತೂ ಕೊಡಲೇಬೇಡಿ. ಯಹೂದಿ ಶೈಲಿಯದ್ದಾದರೂ ಇದು ಕೋಷರ್ (ಯಹೂದಿ ಧರ್ಮದ ಆಹಾರ ನಿಯಮ ಪಾಲಿಸುವ) ಅಂಗಡಿ ಅಲ್ಲ.

ಆಮೇಲೆ ಸೆಕೆಂಡ್ ಅವೆನ್ಯೂ ನಿಲ್ದಾಣದಲ್ಲಿ ಎಫ್ ರೈಲು ಹತ್ತಿ 57ನೇ ಬೀದಿಯಲ್ಲಿ ಇಳಿಯಿರಿ; ಸೋಮವಾರದಿಂದ ಶುಕ್ರವಾರದವರೆಗೆ ಹಗಲಲ್ಲಿ ಎಫ್ ಅಲ್ಲಿಗೆ ಹೋಗುವುದಿಲ್ಲ, ಆಗ 47-50ನೇ ಬೀದಿ ರಾಕ್‌ಫೆಲ್ಲರ್ ಸೆಂಟರ್ ನಿಲ್ದಾಣದಲ್ಲಿ ಎಂ ರೈಲಿಗೆ ಬದಲಿಸಿ. ಎರಡು ಬ್ಲಾಕ್ ನಡೆದರೆ ಸೆಂಟ್ರಲ್ ಪಾರ್ಕ್, ಅದರ ಆಗ್ನೇಯ ಮೂಲೆಯಲ್ಲಿ 'ದಿ ಪಾಂಡ್' ಎಂಬ ಕೊಳ. 2018ರಲ್ಲಿ ಬಣ್ಣಬಣ್ಣದ ಮ್ಯಾಂಡರಿನ್ ಬಾತುಕೋಳಿ ಕಾಣಿಸಿಕೊಂಡು ಜನ ಮುಗಿಬಿದ್ದಿದ್ದು ಇಲ್ಲೇ. ಈಗ ಮಾಮೂಲಿ ಬಾತುಗಳೇ, ಆದರೂ ಬೆಂಚಿನ ಮೇಲೆ ಸುಮ್ನೆ ಕೂತು ನೋಡೋಕೆ ಅಷ್ಟು ಸಾಕು ಅಲ್ವಾ? ಬ್ರೆಡ್ ಮಾತ್ರ ಹಾಕಬೇಡಿ, ಅವುಗಳ ಆರೋಗ್ಯಕ್ಕೆ ಒಳ್ಳೆಯದಲ್ಲ.