ಮನೆ ನೆಟ್‌ವರ್ಕ್‌ನಲ್ಲಿ ಫೈಲ್ ಕಾಣ್ತಿಲ್ಲ, ಪ್ರಿಂಟ್ ಬರ್ತಿಲ್ಲ: ಎಲ್ಲಿಂದ ಹುಡುಕೋದು?

ಎರಡೂ ಕಂಪ್ಯೂಟರ್‌ಗಳಲ್ಲಿ ಇಂಟರ್ನೆಟ್ ಚೆನ್ನಾಗೇ ಬರುತ್ತಿದೆ, ಆದರೆ ಒಂದಕ್ಕೆ ಇನ್ನೊಂದು ಕಾಣುತ್ತಿಲ್ಲ. ಕೆಳಗೆ ಹಾಲ್‌ನಲ್ಲಿರುವ ಪ್ರಿಂಟರ್, ಮಹಡಿ ಮೇಲಿನ ಲ್ಯಾಪ್‌ಟಾಪ್‌ಗೆ ಯಾವಾಗಲೂ ‘ಆಫ್‌ಲೈನ್’. ಇಂಥ ಹೊತ್ತಲ್ಲಿ ಜನ ಮೊದಲು ಫೈರ್‌ವಾಲ್ (ಹೊರಗಿನ ಸಂಪರ್ಕ ತಡೆಯುವ ಕಾವಲು) ಆಫ್ ಮಾಡುತ್ತಾರೆ, ಅದಕ್ಕೂ ಬಗ್ಗದಿದ್ದರೆ ಡ್ರೈವರ್ ಕಿತ್ತು ಮತ್ತೆ ಹಾಕುತ್ತಾರೆ. ಎರಡೂ ಬೇಡ. ನನ್ನನ್ನು ಕೇಳಿದರೆ, ಬೆಂಗಳೂರಿನ ಮನೆಗಳಲ್ಲಿ ಮೊದಲು ಅನುಮಾನ ಪಡಬೇಕಾದದ್ದು ವಿಂಡೋಸ್ ಮೇಲಲ್ಲ, ರೂಟರ್ ಮೇಲೆ.

ಯಾಕೆ ಅಂದರೆ, ಫೈಬರ್ ಹಾಕಲು ಬಂದವರು ಹಾಲ್‌ನಲ್ಲಿ ಒಂದು ಬಾಕ್ಸ್ ಕೂರಿಸಿ ಹೋಗಿರುತ್ತಾರೆ. ವೈಫೈ ಅದರಲ್ಲೇ ಇರುತ್ತದೆ. ಬಸವನಗುಡಿಯ ಹಳೇ ಮನೆಯ ದಪ್ಪ ಗೋಡೆ ಇರಲಿ, ಈಗಿನ ತರ್ಟಿ-ಫಾರ್ಟಿ ಸೈಟಿನ ಡ್ಯೂಪ್ಲೆಕ್ಸ್ ಇರಲಿ, ಮೇಲಿನ ರೂಮಿಗೆ ಸಿಗ್ನಲ್ ಸಾಲುವುದಿಲ್ಲ. ಆಗ ಎಸ್‌ಪಿ ರೋಡಿಗೆ ಹೋಗಿ ಇನ್ನೊಂದು ರೂಟರ್ ತಂದು, ಕೆಳಗಿನ ಬಾಕ್ಸ್‌ನಿಂದ ಕೇಬಲ್ ಎಳೆದು, ಅದರ ಹಿಂದೆ ಬೇರೆ ಬಣ್ಣದಲ್ಲಿರುವ ವ್ಯಾನ್ ಪೋರ್ಟ್‌ಗೆ (ಇಂಟರ್ನೆಟ್ ಒಳಬರುವ ತೂತು) ಚುಚ್ಚುತ್ತೇವೆ, ಯೂಟ್ಯೂಬ್ ಬಂತು ಅಂದ ಕೂಡಲೇ ಕೆಲಸ ಮುಗೀತು ಅಂದುಕೊಳ್ಳುತ್ತೇವೆ. ಆದರೆ ಅಲ್ಲಿಗೆ ನಿಮ್ಮ ಮನೆಯಲ್ಲಿ ಎರಡು ನೆಟ್‌ವರ್ಕ್ ಆಯ್ತು. ಎರಡೂ ವೈಫೈಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟಿದ್ದರೂ ಅಷ್ಟೇ.

ಇದನ್ನು ನೋಡಿಕೊಳ್ಳುವುದು ಸುಲಭ. ಎರಡೂ ಕಂಪ್ಯೂಟರ್‌ಗಳಲ್ಲಿ ಸೆಟ್ಟಿಂಗ್ಸ್ ತೆರೆದು, ನೆಟ್‌ವರ್ಕ್ ಭಾಗದಲ್ಲಿ ನಿಮ್ಮ ವೈಫೈನ ಪ್ರಾಪರ್ಟೀಸ್‌ಗೆ ಹೋಗಿ, ಐಪಿವಿ4 ವಿಳಾಸ (ನೆಟ್‌ವರ್ಕ್‌ನಲ್ಲಿ ಆ ಮಶೀನ್‌ನ ನಂಬರು) ಬರೆದುಕೊಳ್ಳಿ. ಒಂದು ಕಡೆ 192.168.1.20, ಇನ್ನೊಂದು ಕಡೆ 192.168.1.35 ಅಂತಿದ್ದರೆ ಸರಿ. ಒಂದು ಕಡೆ 192.168.1, ಇನ್ನೊಂದು ಕಡೆ 192.168.0 ಅಂತ ಶುರುವಾದರೆ ಕಳ್ಳ ಸಿಕ್ಕ. ಇಲ್ಲೊಂದು ವಿಚಿತ್ರ ಇದೆ. ಎರಡನೇ ರೂಟರ್ ಹಿಂದಿರುವ ಮಶೀನ್‌ನಿಂದ ಕೆಳಗಿನ ಮಶೀನ್‌ನ ವಿಳಾಸ ಟೈಪ್ ಮಾಡಿದರೆ ಬಹಳ ಸಲ ತೆರೆದುಕೊಳ್ಳುತ್ತದೆ, ಆದರೆ ಕೆಳಗಿನಿಂದ ಮೇಲಕ್ಕೆ ಏನು ಮಾಡಿದರೂ ಆಗುವುದಿಲ್ಲ. ರೂಟರ್ ತನ್ನ ಹಿಂದಿರುವವರನ್ನು ಹೊರಗೆ ಹೋಗಲು ಬಿಡುತ್ತದೆ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ‘ನನ್ನದರಲ್ಲಿ ಬರುತ್ತೆ, ನಿನ್ನದರಲ್ಲಿ ಯಾಕೆ ಬರಲ್ಲ’ ಅಂತ ಮನೆಯಲ್ಲಿ ಜಗಳ ಆಗುತ್ತಿದ್ದರೆ ಇದೇ ಕಾರಣ ಇರಬಹುದು.

ಸರಿಮಾಡಲು ಎರಡನೇ ರೂಟರ್‌ನ ಪುಟಕ್ಕೆ ಹೋಗಿ (ವಿಳಾಸ ಸಾಮಾನ್ಯವಾಗಿ ರೂಟರ್ ತಳದ ಸ್ಟಿಕ್ಕರ್ ಮೇಲಿರುತ್ತದೆ) ‘ಆಕ್ಸೆಸ್ ಪಾಯಿಂಟ್ ಮೋಡ್’ ಆನ್ ಮಾಡಿ, ಆಗ ಅದು ಬೇರೆ ನೆಟ್‌ವರ್ಕ್ ಮಾಡದೆ ವೈಫೈ ಮಾತ್ರ ಕೊಡುತ್ತದೆ. ಹಳೇ ಮಾಡೆಲ್‌ನಲ್ಲಿ ಆ ಆಯ್ಕೆ ಇಲ್ಲದಿದ್ದರೆ ಕೈಯಿಂದಲೇ ಮಾಡಬೇಕು. ಮೊದಲು ಅದರ ಸ್ವಂತ ವಿಳಾಸವನ್ನು 192.168.1.2 ಥರ, ಮೊದಲ ರೂಟರ್‌ನ ಸಾಲಿನಲ್ಲಿ ಬೇರೆ ಯಾರಿಗೂ ಕೊಡದ ಒಂದು ವಿಳಾಸಕ್ಕೆ ಬದಲಿಸಿ. ಆಮೇಲೆ ಡಿಎಚ್‌ಸಿಪಿ (ಮಶೀನ್‌ಗಳಿಗೆ ತಾನಾಗಿ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ. ಕೊನೆಗೆ ಕೇಬಲ್ಲನ್ನು ವ್ಯಾನ್‌ನಿಂದ ಕಿತ್ತು ಲ್ಯಾನ್ ಪೋರ್ಟ್‌ಗೆ (ಮನೆಯ ಮಶೀನ್‌ಗಳಿಗಿರುವ ತೂತು) ಹಾಕಿ. ಈ ಕ್ರಮ ತಪ್ಪಿಸಬೇಡಿ. ಡಿಎಚ್‌ಸಿಪಿ ಮೊದಲೇ ಆಫ್ ಮಾಡಿದರೆ ಆ ರೂಟರ್‌ನ ಪುಟಕ್ಕೆ ವಾಪಸ್ ಹೋಗಲು ಒದ್ದಾಡಬೇಕಾಗುತ್ತದೆ.

ಇನ್ನೆರಡು ಚಿಕ್ಕ ವಿಷಯ. ಬಂದ ನೆಂಟರಿಗೆ ಅಂತ ಇಟ್ಟ ಗೆಸ್ಟ್ ವೈಫೈಗೆ ಒಂದು ಮಶೀನ್ ಸೇರಿಕೊಂಡಿದ್ದರೆ ಅದಕ್ಕೆ ಉಳಿದವು ಕಾಣುವುದಿಲ್ಲ, ಗೆಸ್ಟ್ ವೈಫೈ ಇರುವುದೇ ಅದಕ್ಕೆ. ವಿಳಾಸ 169.254 ಅಂತ ಶುರುವಾದರೆ ಆ ಮಶೀನ್‌ಗೆ ರೂಟರ್‌ನಿಂದ ವಿಳಾಸವೇ ಸಿಕ್ಕಿಲ್ಲ ಅಂತ ಅರ್ಥ, ಶೇರಿಂಗ್ ಆಮೇಲೆ ನೋಡಿ, ಮೊದಲು ಕೇಬಲ್ ಮತ್ತು ವೈಫೈ ನೋಡಿ.

ಎಲ್ಲವೂ ಒಂದೇ ನೆಟ್‌ವರ್ಕ್‌ಗೆ ಬಂತಾ? ಈಗ ವಿಂಡೋಸ್. ವೈಫೈ ಪ್ರಾಪರ್ಟೀಸ್‌ನಲ್ಲಿ ‘ಪಬ್ಲಿಕ್’ ಅಂತಿದ್ದರೆ ‘ಪ್ರೈವೇಟ್’ ಮಾಡಿ, ಎರಡೂ ಕಡೆ. ಹಾಗೇ ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಡಿಸ್ಕವರಿ, ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎರಡನ್ನೂ ಆನ್ ಮಾಡಿ. ಫೈರ್‌ವಾಲ್ ಇದ್ದ ಹಾಗೇ ಇರಲಿ, ಬೇಕಾದ ಬಾಗಿಲನ್ನು ಈ ಸೆಟ್ಟಿಂಗೇ ತೆಗೆಯುತ್ತದೆ. ಹಳೇ ಲೇಖನ ಓದಿಕೊಂಡು ‘ಹೋಮ್‌ಗ್ರೂಪ್’ ಎಂಬ ಹಳೇ ಶೇರಿಂಗ್ ಸೌಲಭ್ಯ ಹುಡುಕುತ್ತಾ ಕೂರಬೇಡಿ, ವಿಂಡೋಸ್ 10ರಿಂದ ಅದನ್ನು 2018ರಲ್ಲೇ ತೆಗೆದುಹಾಕಿದ್ದಾರೆ.

ಈಗ ಎಕ್ಸ್‌ಪ್ಲೋರರ್‌ನ ಎಡಗಡೆ ‘ನೆಟ್‌ವರ್ಕ್’ ಒತ್ತಿ ಕಾಯುವ ಬದಲು, ಮೇಲಿನ ವಿಳಾಸದ ಪಟ್ಟಿಯಲ್ಲಿ ನೇರವಾಗಿ ಫೈಲ್ ಇರುವ ಮಶೀನ್‌ನ ವಿಳಾಸವನ್ನು \\192.168.1.20 ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಗೆರೆ ಹಿಂದಕ್ಕೆ ವಾಲಿರಬೇಕು, ಎರಡಿರಬೇಕು. ಶೇರ್ ಮಾಡಿದ ಫೋಲ್ಡರ್ ಬಂತು ಅಂದರೆ ಶೇರಿಂಗ್ ಸರಿಯಾಗಿಯೇ ಇದೆ, ಹೆಸರು ಹುಡುಕುವ ಕೆಲಸ ಮಾತ್ರ ಕೆಟ್ಟಿದೆ. ಆಗ ಕಾಣದಿರುವ ಮಶೀನ್‌ನಲ್ಲಿ ಸರ್ವೀಸಸ್ ಕಿಟಕಿ ತೆರೆದು ‘ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್’ ಎಂಬುದನ್ನು ಆಟೋಮ್ಯಾಟಿಕ್ ಮಾಡಿ. ಅಥವಾ ಅದೂ ಬೇಡ, ತೆರೆದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಡ್ರೈವ್ ಆಗಿ ಮ್ಯಾಪ್ ಮಾಡಿಕೊಂಡರೆ ಸಾಕು. ಹಾಗೆ ಮಾಡುವುದಾದರೆ ಆ ಮಶೀನ್‌ನ ವಿಳಾಸ ಬದಲಾಗದಂತೆ ನೋಡಿಕೊಳ್ಳಬೇಕು, ಅದು ಹೇಗೆ ಅಂತ ಪ್ರಿಂಟರ್ ಭಾಗದಲ್ಲಿ ಹೇಳುತ್ತೇನೆ.

ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿದರೆ ಇನ್ನೊಂದು ಕಿರಿಕಿರಿ ಶುರು. ಇಲ್ಲಿ ಪಿನ್ ನಡೆಯುವುದಿಲ್ಲ. ನೀವು ದಿನಾ ಬೆಳಗ್ಗೆ ಒತ್ತುವ ನಾಲ್ಕಂಕಿ ಪಿನ್ ಆ ಒಂದು ಮಶೀನ್‌ಗೆ ಮಾತ್ರ, ನೆಟ್‌ವರ್ಕ್ ಮೇಲೆ ಅಕೌಂಟಿನ ಪಾಸ್‌ವರ್ಡೇ ಬೇಕು. ಪಾಸ್‌ವರ್ಡೇ ಇಡದ ಅಕೌಂಟ್‌ಗೂ ವಿಂಡೋಸ್ ಒಳಗೆ ಬಿಡುವುದಿಲ್ಲ. ಇದಕ್ಕೆಲ್ಲ ನಾನು ಹೇಳುವ ಮದ್ದು ಒಂದೇ: ಫೈಲ್ ಇರುವ ಮಶೀನ್‌ನಲ್ಲಿ ‘ಮನೆ’ ಅನ್ನೋ ಥರ ಒಂದು ಲೋಕಲ್ ಅಕೌಂಟ್ ಮಾಡಿ, ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಕೊಡಿ, ಗಟ್ಟಿ ಪಾಸ್‌ವರ್ಡ್ ಹಾಕಿ, ಮನೆಮಂದಿಯೆಲ್ಲ ಶೇರಿಂಗ್‌ಗೆ ಅದನ್ನೇ ಬಳಸಲಿ. ಹಿಂದೆ ಯಾವಾಗಲೋ ತಪ್ಪು ಪಾಸ್‌ವರ್ಡ್ ಸೇವ್ ಆಗಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಿಂದ ಅಳಿಸಿ.

ಫೋಲ್ಡರ್ ತೆರೆಯುತ್ತದೆ, ಆದರೆ ಸೇವ್ ಮಾಡಲು ಬಿಡುತ್ತಿಲ್ಲವಾ? ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್ ಮತ್ತು ಸೆಕ್ಯುರಿಟಿ ಅಂತ ಎರಡು ಟ್ಯಾಬ್ ಇವೆ. ಎರಡರಲ್ಲೂ ಆ ಅಕೌಂಟ್‌ಗೆ ಬರೆಯುವ ಅನುಮತಿ ಇರಬೇಕು. ಯಾವುದು ಬಿಗಿಯೋ ಅದರ ಮಾತೇ ನಡೆಯುವುದು.

ರೂಟರ್‌ನ ಯುಎಸ್‌ಬಿಗೆ ಹಾರ್ಡ್ ಡಿಸ್ಕ್ ಚುಚ್ಚಿಟ್ಟವರಿಗೆ ಒಂದು ಮಾತು. ಹಳೇ ರೂಟರ್‌ಗಳು ಫೈಲ್ ಕೊಡಲು ಎಸ್‌ಎಂಬಿ1 ಎಂಬ ಹಳೇ ಪದ್ಧತಿ ಬಳಸುತ್ತವೆ. 2017ರ ಮೇ ತಿಂಗಳಲ್ಲಿ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಹರಡಿದ್ದು ಅದರ ದೋಷದಿಂದಲೇ. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ ಆವೃತ್ತಿಯಿಂದ ಅದನ್ನು ಹಂತಹಂತವಾಗಿ ತೆಗೆಯುತ್ತಾ ಬಂದಿದ್ದಾರೆ, ಈಗ ಹೊಸದಾಗಿ ಇನ್‌ಸ್ಟಾಲ್ ಮಾಡುವಾಗ ಅದು ತಾನಾಗಿ ಬರುವುದಿಲ್ಲ. ವಿಂಡೋಸ್ 11 ಪ್ರೊನ 24ಎಚ್2 ಆವೃತ್ತಿಯಂತೂ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಸಂಪರ್ಕವನ್ನೂ ಒಪ್ಪುವುದಿಲ್ಲ. ಎಸ್‌ಎಂಬಿ1 ಮತ್ತೆ ಆನ್ ಮಾಡಿ ಅಂತ ಸಲಹೆ ಕೊಡುವವರು ಸಿಗುತ್ತಾರೆ, ಕೇಳಬೇಡಿ. ರೂಟರ್‌ನ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಪಾಸ್‌ವರ್ಡ್ ಇಡಿ. ಆಗಲೂ ಆಗದಿದ್ದರೆ ಆ ಡಿಸ್ಕನ್ನು ಯಾವುದಾದರೂ ಕಂಪ್ಯೂಟರ್‌ಗೆ ಹಾಕಿ ಅಲ್ಲಿಂದ ಶೇರ್ ಮಾಡಿ.

ಇನ್ನು ಪ್ರಿಂಟರ್. ನಿಮ್ಮ ಪ್ರಿಂಟರ್‌ಗೆ ವೈಫೈ ಇದ್ದರೆ ಅದನ್ನು ಒಂದು ಕಂಪ್ಯೂಟರ್‌ಗೆ ಕಟ್ಟಿ ಶೇರ್ ಮಾಡುವುದು ಸುಮ್ನೆ ತಲೆನೋವು. ಎಲ್ಲರೂ ನೇರವಾಗಿ ಸೇರಿಕೊಳ್ಳಲಿ. ತುಂಬಾ ಪ್ರಿಂಟರ್‌ಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, ಹಾಗಾಗಿ ರೂಟರ್‌ನಲ್ಲಿ ಅದು ಆನ್ ಇರಲಿ. ಕರೆಂಟ್ ಹೋಗಿ ಬಂದ ಮೇಲೆ ಪ್ರಿಂಟರ್ ‘ಆಫ್‌ಲೈನ್’ ಆಗುತ್ತದೆ ಅಂದರೆ, ರೂಟರ್ ಅದಕ್ಕೆ ಬೇರೆ ವಿಳಾಸ ಕೊಟ್ಟಿರುತ್ತದೆ, ಕಂಪ್ಯೂಟರ್ ಮಾತ್ರ ಹಳೇ ವಿಳಾಸಕ್ಕೇ ಕಾಗದ ಹಾಕುತ್ತಾ ಕೂತಿರುತ್ತದೆ. ಪ್ರಿಂಟರ್‌ನ ನೆಟ್‌ವರ್ಕ್ ಮೆನುವಿನಲ್ಲಿ ಈಗಿನ ವಿಳಾಸ ನೋಡಿ, ಅದನ್ನು ಬ್ರೌಸರ್‌ನಲ್ಲಿ ಟೈಪ್ ಮಾಡಿ. ಪ್ರಿಂಟರ್‌ನದೇ ಪುಟ, ಇಂಕ್ ಮಟ್ಟ ಎಲ್ಲ ತೆರೆದರೆ ನೆಟ್‌ವರ್ಕ್ ಸರಿ ಇದೆ. ಆಮೇಲೆ ರೂಟರ್‌ನ ಡಿಎಚ್‌ಸಿಪಿ ಪುಟದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಮಾಡಿ ಆ ವಿಳಾಸವನ್ನು ಪ್ರಿಂಟರ್‌ಗೇ ಮೀಸಲಿಡಿ, ಫೈಲ್ ಇರುವ ಮಶೀನ್‌ಗೂ ಹಾಗೇ ಮಾಡಿ. ಕಂಪ್ಯೂಟರ್‌ನಲ್ಲಿ ಪ್ರಿಂಟರ್ ಸೇರಿಸುವಾಗ ತಾನಾಗಿ ಸಿಕ್ಕಿದ್ದನ್ನು ಒಪ್ಪದೆ, ಟಿಸಿಪಿ/ಐಪಿ ವಿಳಾಸದಿಂದ ಸೇರಿಸುವ ದಾರಿ ಹಿಡಿಯಿರಿ. ಮತ್ತೆ ಮತ್ತೆ ಆಫ್‌ಲೈನ್ ಆಗುವ ಕಾಟ ಇದರಿಂದ ತಪ್ಪುತ್ತದೆ.

ಯುಎಸ್‌ಬಿ ಮಾತ್ರ ಇರುವ ಪ್ರಿಂಟರ್ ಆದರೆ ಶೇರ್ ಮಾಡಲೇಬೇಕು. ಅದನ್ನು ಚುಚ್ಚಿದ ಕಂಪ್ಯೂಟರ್ ಸ್ಲೀಪ್‌ಗೆ ಹೋದರೆ ಯಾರಿಗೂ ಪ್ರಿಂಟ್ ಇಲ್ಲ. ಶೇರ್ ಹೆಸರು ಚಿಕ್ಕದಿರಲಿ, ನಡುವೆ ಜಾಗ ಬೇಡ. ‘11ಬಿ’ ಅಂತ ಕೊನೆಯಾಗುವ ಎರರ್ ಬಂದರೆ, ಅದು 2021ರ ಸೆಪ್ಟೆಂಬರ್ ಅಪ್‌ಡೇಟ್‌ನಿಂದ ಶುರುವಾದ ಕಾಟ. ಒಂದು ಮಶೀನ್ ಹೊಸ ಭದ್ರತೆ ಕೇಳುತ್ತದೆ, ಇನ್ನೊಂದಕ್ಕೆ ಅದು ಗೊತ್ತಿರುವುದಿಲ್ಲ. ರಿಜಿಸ್ಟ್ರಿ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳ ಕಡತ) ತಿದ್ದಿ ಆ ಭದ್ರತೆಯನ್ನೇ ಆಫ್ ಮಾಡುವ ಬದಲು ಎರಡೂ ಮಶೀನ್‌ಗಳನ್ನು ಪೂರ್ತಿ ಅಪ್‌ಡೇಟ್ ಮಾಡಿ ನೋಡಿ. ಪ್ರಿಂಟ್ ಕ್ಯೂನಲ್ಲಿ ಒಂದು ಫೈಲ್ ಸಿಕ್ಕಿಕೊಂಡು ಡಿಲೀಟೂ ಆಗದಿದ್ದರೆ, ಸರ್ವೀಸಸ್‌ನಲ್ಲಿ ಪ್ರಿಂಟ್ ಸ್ಪೂಲರ್ (ಈ ಕ್ಯೂ ನೋಡಿಕೊಳ್ಳುವ ಸರ್ವೀಸ್) ನಿಲ್ಲಿಸಿ. ವಿಂಡೋಸ್ ಫೋಲ್ಡರ್ ಒಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್. ಅಲ್ಲಿರುವ ಫೈಲ್‌ಗಳನ್ನು ಮಾತ್ರ ಅಳಿಸಿ, ಸ್ಪೂಲರ್ ಮತ್ತೆ ಶುರು ಮಾಡಿ.

ಇಷ್ಟೆಲ್ಲ ಮಾಡಿದರೂ ಒಂದೇ ಒಂದು ಲ್ಯಾಪ್‌ಟಾಪ್ ಹಟ ಹಿಡಿದಿದೆ, ಅದು ಆಫೀಸಿನದ್ದು, ಅಲ್ವಾ? ವಿಪಿಎನ್ (ಆಫೀಸ್ ನೆಟ್‌ವರ್ಕ್‌ಗೆ ಸೇರಿಸುವ ಸುರಕ್ಷಿತ ಸಂಪರ್ಕ) ಆನ್ ಇದ್ದಾಗ ಮನೆಯ ಪ್ರಿಂಟರ್ ಕಾಣದಂತೆ ಬಹಳ ಕಂಪನಿಗಳು ಬೇಕಂತಲೇ ತಡೆದಿರುತ್ತವೆ. ವಿಪಿಎನ್ ತೆಗೆದು ನೋಡಿ, ಪ್ರಿಂಟ್ ಬಂದರೆ ಕಾರಣ ಗೊತ್ತಾಯಿತು. ಆಗಲೂ ಬರದಿದ್ದರೆ ಕಂಪನಿ ಹಾಕಿದ ಬೀಗ ಒಡೆಯಲು ಹೋಗಬೇಡಿ. ಬಾಡಿಗೆ ಕರಾರು, ಮಗುವಿನ ಪ್ರಾಜೆಕ್ಟ್ ಥರದ ಸ್ವಂತ ಕಾಗದಗಳನ್ನು ಫೋನ್‌ನಿಂದಲೇ ಪ್ರಿಂಟ್ ಕೊಡಿ, ಈಚಿನ ವೈಫೈ ಪ್ರಿಂಟರ್‌ಗಳನ್ನು ಆಂಡ್ರಾಯ್ಡ್, ಐಫೋನ್ ಎರಡೂ ಸಾಮಾನ್ಯವಾಗಿ ತಾವಾಗಿಯೇ ಗುರುತಿಸುತ್ತವೆ.