ನಿವೃತ್ತಿಗೊಂದು ಡೈವ್ ವಾಚ್ ಕೊಳ್ಳುವುದಾದರೆ

ಮೂವತ್ತು ವರ್ಷ ಕುಂಬಳೆಯ ಶಾಲೆಯಲ್ಲಿ ಬೆಲ್ಲಿಗೆ ಕಾದಿದ್ದಾಯಿತು, ಇನ್ನು ಹೊತ್ತು ನನ್ನದೇ ಎಂದು ಒಂದು ಒಳ್ಳೆಯ ಡೈವ್ ವಾಚ್, ಅಂದರೆ ನೀರೊಳಗೆ ಮುಳುಗುವವರಿಗೆಂದೇ ಮಾಡಿದ ಕೈಗಡಿಯಾರ, ಕೊಂಡೆ. ನೀವೂ ಕೊಳ್ಳುವುದಾದರೆ ಫೋಟೋ ನೋಡಿ ಮರುಳಾಗಬೇಡಿ, ಮೊದಲು ಕೈಗೆ ಹಾಕಿ ನೋಡಿ. ರೋಲೆಕ್ಸ್ ಸಬ್‌ಮರೀನರ್ ಈಗ 41 ಮಿ.ಮೀ. ಅಗಲ, ಟ್ಯೂಡರ್ ಬ್ಲ್ಯಾಕ್ ಬೇ ಫಿಫ್ಟಿ-ಏಟ್ 39. ನನ್ನಂಥ ಸಣಕಲು ಕೈಗೆ ಆ 2 ಮಿ.ಮೀ. ಜಾಸ್ತಿಯೇ. ಮೊದಲನೆಯದು 300 ಮೀಟರ್ ಆಳದವರೆಗೆ ನೀರು ತಡೆಯುತ್ತದೆ, ಎರಡನೆಯದು 200. ಬೇಕಲದ ಕಡಲಲ್ಲಿ ಮೊಣಕಾಲುದ್ದ ಇಳಿಯುವ ನಮಗೆ ಎರಡೂ ಸಾಕೋ ಸಾಕು, ಅಲ್ವಾ?

ಆಮೇಲೆ ಬೆಜೆಲ್, ಅಂದರೆ ಗಾಜಿನ ಸುತ್ತಲಿನ ಬಳೆ. ಮುಳುಗುವಾಗ ಅದರ ಗುರುತನ್ನು ನಿಮಿಷದ ಮುಳ್ಳಿಗೆ ಹೊಂದಿಸಿದರೆ ಎಷ್ಟು ಹೊತ್ತಾಯಿತೆಂದು ತಿಳಿಯುತ್ತದೆ. ಅದು ಮುಳ್ಳು ತಿರುಗುವುದಕ್ಕೆ ಉಲ್ಟಾ ಮಾತ್ರ ಟಕ್ ಟಕ್ ಎಂದು ತಿರುಗಬೇಕು. ನೀರೊಳಗೆ ಎಲ್ಲಾದರೂ ತಾಗಿ ಜಾರಿದರೆ ಕಳೆದ ಹೊತ್ತನ್ನು ಜಾಸ್ತಿಯೇ ತೋರಿಸುತ್ತದೆ, ಮುಳುಗಿದವನು ಬೇಗ ಮೇಲೆ ಬರುತ್ತಾನೆ. ನಾನು ಅದರಲ್ಲಿ ಕುಚ್ಚಲಕ್ಕಿ ಬೇಯುವ ಹೊತ್ತು ನೋಡುತ್ತೇನೆ, ಅಷ್ಟೇ.

ಚರ್ಮದ ಬೆಲ್ಟ್ ಬೇಡವೇ ಬೇಡ, ನಮ್ಮ ಸೆಕೆಗೆ, ಬೆವರಿಗೆ ನಾರುತ್ತದೆ. ಸ್ಟೀಲ್ ಚೈನ್ ಇಲ್ಲವೇ ರಬ್ಬರ್ ಇರಲಿ. ಕಡಲಿಗೆ ಇಳಿಯುವ ಮುಂಚೆ ಬದಿಯ ಕೀ ಗುಂಡಿಯನ್ನು ಪೂರ್ತಿ ತಿರುಗಿಸಿ ಬಿಗಿ ಮಾಡಿ, ಮನೆಗೆ ಬಂದ ಮೇಲೆ ಬಾವಿ ನೀರಲ್ಲಿ ತೊಳೆಯಿರಿ. ಸೆಕೆಂಡ್ ಹ್ಯಾಂಡ್ ಆದರೆ ವಾರಂಟಿ ಕಾರ್ಡಿನ ನಂಬರೂ ವಾಚಿನ ನಂಬರೂ ಒಂದೇ ಇದೆಯಾ ನೋಡಿ. ಸರ್ವೀಸಿಗೂ ಈಗಲೇ ಸ್ವಲ್ಪ ದುಡ್ಡು ಎತ್ತಿಡಿ, ಪೆನ್ಶನ್ ಬಂದಾಗ ನೋಡೋಣ ಅನ್ನಬೇಡಿ.